ಹತ್ತಿ ಸುತ್ತಿದ ಕಡ್ಡಿ

ಚಕ್ರಪಾಣಿ ಪ್ರೊಫೆಸರ್ ಮೂಗಿಗೆ ಕರ್ಚೀಫು ಒತ್ತಿಕೊಂಡು ಲ್ಯಾಬಿನ ಬಾಗಿಲಲ್ಲೇ ನಿಂತರು. ಅಟೆಂಡರ್ ಗೌರೀಶ ಕೆಲಸಕ್ಕೆ ಸೇರಿದ ಎಂಟು ತಿಂಗಳಲ್ಲಿ ಒಂದು ದಿನವೂ ಆ ಹೊಸಿಲು ದಾಟಿದವರಲ್ಲ.

"ಏನಯ್ಯಾ ಗೌರೀಶ, ಇವತ್ತೂ ಕೊಳೆತಿದ್ದೇ ತಂದ್ಯಾ?"

ಗೌರೀಶನಿಗೆ ಮೈಯೆಲ್ಲ ಉರಿಯಿತು. ಒಂಬತ್ತನೇ ಕ್ಲಾಸಿಗೇ ಓದು ಬಿಟ್ಟು, ಬಸವನಗುಡಿಯ ಈ ಫಾರ್ಮಸಿ ಕಾಲೇಜಿನಲ್ಲಿ ದಿನಗೂಲಿ ಅಟೆಂಡರ್ ಆಗಿದ್ದವನು ಅವನು. ದಿನಾ ಬೆಳಿಗ್ಗೆ ಆರಕ್ಕೆ ಚಾಮರಾಜಪೇಟೆಯ ಮರಿಯಣ್ಣನ ಮಟನ್ ಅಂಗಡಿಯಲ್ಲಿ ನಿಂತಿರುತ್ತಿದ್ದ. ಮೇಕೆ ಕೊಯ್ದ ಹತ್ತೇ ನಿಮಿಷಕ್ಕೆ ಕರುಳಿನ ರಕ್ತನಾಳ ಐಸಿನಲ್ಲಿರುತ್ತಿತ್ತು. ಕೊಳೆತದ್ದಂತೆ!

"ಮೆಮೊ ಟೈಪ್ ಆಗಿದೆ. ತಪ್ಪಾಯ್ತು ಅಂತ ಸೈನ್ ಹಾಕು. ನಾಳೆಯಿಂದ ಬರ್ಬೇಡ." ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಒಳಕ್ಕೆ ಎಸೆದರು.

ಪಿಎಚ್‌ಡಿ ಮಾಡುತ್ತಿದ್ದ ದೀಪ್ತಿ ತಲೆ ತಗ್ಗಿಸಿದಳು. ಮೂರು ವಾರದಿಂದ ಅವಳ ಪ್ರಯೋಗ ಕೆಡುತ್ತಿತ್ತು; ಕೊಳೆತ ನಾಳವೇ ಕಾರಣ ಎಂದು ಪ್ರೊಫೆಸರ್ ತೀರ್ಮಾನಿಸಿದ್ದರು. ತನ್ನ ಪ್ರಯೋಗವನ್ನು ಅವಳೇ ಒಮ್ಮೆ ಅವನಿಗೆ ಬಿಡಿಸಿ ಹೇಳಿದ್ದಳು: "ಕೈನೇಸ್ ಅಂತ ಒಂದು ಪ್ರೋಟೀನು. ಅದು ಎದ್ದು ಕೂತ್ರೆ ನಾಳ ಮುಷ್ಟಿ ಥರ ಬಿಗಿಯುತ್ತೆ. ಅದನ್ನ ಎಬ್ಬಿಸೋಕೆ ಇನ್ನೊಂದು ಪ್ರೋಟೀನು. ಆ ಎಬ್ಬಿಸೋ ಪ್ರೋಟೀನನ್ನ ಜೀವಕೋಶ ಆಗಾಗ ಕತ್ತರಿಸಿ ಹಾಕ್ತಿರ್ಬೇಕು. ಇಲ್ಲಾಂದ್ರೆ ರಾಶಿ ಬೀಳುತ್ತೆ, ಬಿಗಿತ ಬಿಡೋದೇ ಇಲ್ಲ."

"ನಮ್ಮ ಗೇಟಿನ ಮುಂದಿನ ಕಸ ಇದ್ದಂಗೆ. ಲಾರಿ ಬರ್ಲಿಲ್ಲ ಅಂದ್ರೆ ಮುಗೀತು," ಅಂದಿದ್ದ ಗೌರೀಶ.

ಕತ್ತರಿಸುವುದನ್ನು ಔಷಧಿ ಹಾಕಿ ನಿಲ್ಲಿಸಿದರೆ ನಾಳ ಸಡಿಲವಾಗುತ್ತದೋ ಇಲ್ಲವೋ, ಇದು ಅವಳ ಪ್ರಶ್ನೆ. ಆದರೆ ಆ ಔಷಧಿ ಮುಟ್ಟಿಸದ ನಾಳವೇ ಈಗ ಸಡಿಲವಾಗುತ್ತಿರಲಿಲ್ಲ. ಬಿಗಿಸುವ ಮದ್ದು ಹಾಕಿದರೆ, ನಾಳದ ಎಳೆತವನ್ನು ಗೆರೆಯಾಗಿ ಬರೆಯುವ ಯಂತ್ರದ ಪೆನ್ನು ಕಾಗದದ ಮೇಲೆ ಸರ್ರನೆ ಏರುತ್ತಿತ್ತು. ಸಡಿಲಿಸುವ ಮದ್ದು ಹಾಕಿದರೆ ಅಲ್ಲೇ ಕೂತಿರುತ್ತಿತ್ತು.

"ಕೊಳೆತಿದ್ರೆ ಬಿಗಿಯೋದಾದ್ರೂ ಹೆಂಗೆ ಸಾರ್?" ಗೌರೀಶ ಕೇಳಿಯೇಬಿಟ್ಟ.

"ಓಹೋ, ನೀನೇ ಪಾಠ ಮಾಡಪ್ಪ, ನಾನು ಬೆಂಚಲ್ಲಿ ಕೂತ್ಕೋತೀನಿ."

ದೀಪ್ತಿ ತಟ್ಟನೆ ತಲೆಯೆತ್ತಿದಳು. "ಇರಿ ಸಾರ್. ಗೌರೀಶ್, ನಾನು ಬರೋ ಹೊತ್ತಿಗೆ ನೀನು ನಾಳ ಕತ್ತರಿಸಿ ಜೋಡಿಸಿರ್ತೀಯ. ಮೂರು ವಾರದಿಂದ ಏನಾದ್ರೂ ಹೊಸದಾಗಿ ಮಾಡ್ತಿದೀಯಾ?"

ಅವನು ಬೆಂಕಿಕಡ್ಡಿಯೊಂದನ್ನು ಎತ್ತಿ ತೋರಿಸಿದ. ತುದಿಗೆ ಹತ್ತಿ ಸುತ್ತಿತ್ತು. "ಇದ್ರಲ್ಲಿ ಒಳಗೆ ತಿಕ್ತೀನಿ ಮೇಡಂ. ತಟ್ಟೇಲಿ ರಕ್ತ ಕಂಡು ಸಾರ್‌ಗೆ ವಾಕರಿಕೆ ಬಂತಲ್ಲ, ಅವತ್ತಿಂದ. ದೇವರ ಪಾತ್ರೆ ಬೆಳಗ್ದಂಗೆ ಒಳಗೆಲ್ಲ ಬೆಳಗ್ಬೇಕು ಅಂತ ಅವರೇ ಅಂದ್ರು."

"ಅಯ್ಯೋ! ಒಳಗಿನ ತೆಳು ಪದರಾನೇ ಕಿತ್ತು ಹಾಕಿದೀಯಲ್ಲೋ! ಸಡಿಲ ಆಗು ಅಂತ ಸ್ನಾಯುಗೆ ಹೇಳೋದೇ ಅದು."

ಫ್ಲಾಸ್ಕಿನಲ್ಲಿ ಇನ್ನೂ ನಾಳ ಉಳಿದಿತ್ತು. ಗೌರೀಶ ಎರಡು ಉಂಗುರ ಕತ್ತರಿಸಿದ. ಒಂದನ್ನು ತಿಕ್ಕಿ, ಇನ್ನೊಂದನ್ನು ಹಾಗೇ ಬಿಟ್ಟು, ಎರಡನ್ನೂ ಯಂತ್ರದ ಕೊಕ್ಕೆಗೆ ಸಿಕ್ಕಿಸಿದ. ಎರಡು ಗಂಟೆ ಬಿಟ್ಟು ಪ್ರೊಫೆಸರ್ ಕಾಫಿ ಮುಗಿಸಿ ಮತ್ತೆ ಬಾಗಿಲಿಗೆ ಬರುವಷ್ಟರಲ್ಲಿ ಬಿಗಿಸುವ ಮದ್ದಿಗೆ ಎರಡು ಪೆನ್ನೂ ಮೇಲೇರಿದ್ದವು. ದೀಪ್ತಿ ಸಡಿಲಿಸುವ ಮದ್ದು ಹಾಕಿದಳು. ತಿಕ್ಕಿದ್ದು ಅಲುಗಲಿಲ್ಲ. ತಿಕ್ಕದೆ ಬಿಟ್ಟದ್ದರ ಗೆರೆ ನಿಧಾನವಾಗಿ ಕೆಳಕ್ಕಿಳಿಯಿತು.

ಪ್ರೊಫೆಸರ್ ಕೆಮ್ಮಿದರು. "ಸರಿ, ಮೆಮೊ ಬೇಡ. ಅಟೆಂಡರ್ ತಿಳೀದೆ ತಿಕ್ಕಿದ ಅಂತ ಬರ್ಕೋಮ್ಮ."

ಗೌರೀಶನಿಗೆ ಹೇಸಿಗೆಯಾಯಿತು. ದಿನಾ ಕರುಳು ಬಗೆಯುವಾಗ ಆಗದ ಹೇಸಿಗೆ ಈ ಇಸ್ತ್ರಿ ಮಾಡಿದ ಅಂಗಿಯನ್ನು ಕಂಡು ಆಯಿತು. ದೀಪ್ತಿ ಪ್ರಯೋಗದ ಪುಸ್ತಕದಲ್ಲಿ ಬೇರೆಯೇ ಬರೆದಳು. ಜೋರಾಗಿ ಓದಿಯೂಬಿಟ್ಟಳು: "ನಾಳ ತಾಜಾ ಇತ್ತು. ಪ್ರೊಫೆಸರ್ ಹೇಳಿದಂತೆ ಒಳಗೆ ತಿಕ್ಕಲಾಗಿತ್ತು." ಪುಸ್ತಕವನ್ನು ಬಾಗಿಲ ಕಡೆಗೆ ತಿರುಗಿಸಿದಳು. "ನಿಮ್ಮ ಸೈನ್ ಬೇಕು ಸಾರ್. ಇಲ್ದಿದ್ರೆ ಈ ಮೂರು ವಾರ ಯಾಕೆ ಹಾಳಾಯ್ತು ಅಂತ ಪಿಎಚ್‌ಡಿ ಕಮಿಟಿಗೆ ನಾನೇ ಹೇಳ್ಬೇಕಾಗುತ್ತೆ."

"ಇಲ್ಲಿಗೆ ತಗೊಂಡ್ಬಾರೋ."

"ಕೈಯೆಲ್ಲ ರಕ್ತ ಸಾರ್," ಅಂದ ಗೌರೀಶ. "ನೀವೇ ಬನ್ನಿ."

ಪ್ರೊಫೆಸರ್ ಅತ್ತಿತ್ತ ನೋಡಿದರು. ಕೊನೆಗೆ ತುದಿಗಾಲಲ್ಲಿ ಒಳಗೆ ಬಂದು, ಉಸಿರು ಕಟ್ಟಿ ಸೈನ್ ಗೀಚಿ, ಮೇಜು ಮುಟ್ಟಿದ ತಮ್ಮ ಪೆನ್ನನ್ನು ಅಲ್ಲೇ ಬಿಟ್ಟರು. "ಇಟ್ಕೋ. ನಂಗೆ ಬೇಡ."

ಅವರು ಹೋದರು. ಗೌರೀಶ ಮೆಮೊ ಹಾಳೆಯಲ್ಲಿ ಕೈಯ ರಕ್ತ, ಕೊಬ್ಬು ಒರೆಸಿಕೊಂಡ. ಆಮೇಲೆ ಆ ಪೆನ್ನನ್ನು ಇಕ್ಕಳದಲ್ಲಿ ಎತ್ತಿ, ಮುಖ ಸಿಂಡರಿಸಿ, ಕರುಳಿನ ಚೂರಿದ್ದ ಬಕೆಟ್ಟಿಗೆ ಹಾಕಿದ.