ಊಟದ ಮೇಜಿನ ಮೇಲಿನ ಗಡಿಯಾರ

ಲಿಫ್ಟ್ ರಿಪೇರಿ ಮಾಡುವವನ ಕೈ ಸುಮ್ಮನಿರುವ ಜಾತಿಯದಲ್ಲ. ಮನೆಯಲ್ಲಿದ್ದ ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಸಂಜೆ ಹೆಂಡತಿ ಅದರಲ್ಲಿ ಅನುವಾದದ ಕೆಲಸ ಮಾಡುತ್ತಿದ್ದಳು. ಹಗಲಿಡೀ ಅದು ಊಟದ ಮೇಜಿನ ಮೇಲೆ ಗಡಿಯಾರವಾಗಿ ಕೂತಿರುತ್ತಿತ್ತು. ಅಮ್ಮನ ಕಣ್ಣು ಮಂಜಾಗಿ ಗೋಡೆಯ ಗಡಿಯಾರದ ಮುಳ್ಳೂ ಫೋನಿನ ಅಂಕಿಯೂ ಕಾಣದಂತಾದಾಗ, ಪರದೆಯ ತುಂಬ ಅಂಗೈಯಗಲದ ಅಂಕಿಗಳು ಬರುವಂತೆ ಮಾಡಿಕೊಟ್ಟವನು ಇವನೇ. ಅಮ್ಮ ಅದನ್ನು ನೋಡಿ ಊಟ ಮಾಡುತ್ತಿದ್ದರು, ಅದನ್ನು ನೋಡಿಯೇ ಮೊಮ್ಮಗಳನ್ನು ಶಿಶುವಿಹಾರದಿಂದ ಕರೆತರಲು ಹೊರಡುತ್ತಿದ್ದರು. ಇಷ್ಟು ನೆಟ್ಟಗಿರುವಾಗ ಇವನಿಗೆ ವಿಂಡೋಸಿನ ಹಾಗೆಯೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಬೇಕಾಯಿತು.

ಜೊತೆಗೆ ಕೆಲಸ ಮಾಡುವವನೊಬ್ಬ ತಲೆಯಲ್ಲಿ ಹುಳ ಬಿಟ್ಟಿದ್ದ. ಹಿಂದೊಮ್ಮೆ ಇವನ ಕೈಚಳಕದಿಂದ ಹೆಂಡತಿಯ ವಾರದ ಕೆಲಸವೆಲ್ಲ ಅಳಿಸಿಹೋಗಿತ್ತು. "ಇನ್ನೊಂದ್ಸಲ ನನ್ನ ಲ್ಯಾಪ್‌ಟಾಪ್ ಮುಟ್ಟಿ, ಆಮೇಲೆ ಗೊತ್ತಾಗತ್ತೆ ನಿಮಗೆ" ಎಂದು ಅವಳು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು. ಆದರೂ ಅವಳು ಆಫೀಸಿನ ಬಸ್ಸು ಹತ್ತಿದ ಒಂದು ಬೆಳಿಗ್ಗೆ ಕದ್ದುಮುಚ್ಚಿ ಡಿಸ್ಕನ್ನು ಎರಡು ಪಾಲು ಮಾಡಿ, ಒಂದರಲ್ಲಿ ವಿಂಡೋಸನ್ನು ಹಾಗೇ ಬಿಟ್ಟು, ಇನ್ನೊಂದರಲ್ಲಿ ಲಿನಕ್ಸ್ ಹಾಕಿಯೇಬಿಟ್ಟ. ಲ್ಯಾಪ್‌ಟಾಪ್ ಶುರುವಾಗುವಾಗ ಯಾವುದು ಬೇಕೆಂದು ಕೇಳುವ ಮೆನು ಅವಳ ಕಣ್ಣಿಗೆ ಬೀಳದಂತೆ ಅಡಗಿಸಿದ. ಆಮೇಲೆ ಮನಸ್ಸಾದಾಗಲೆಲ್ಲ ಬೆಳಿಗ್ಗೆ ಸ್ವಲ್ಪ ಹೊತ್ತು ಲಿನಕ್ಸಿನಲ್ಲಿ ಆಡಿ, ಮತ್ತೆ ವಿಂಡೋಸಿಗೆ ಬಂದು, ಅಂಕಿ ನೋಡುವಷ್ಟೂ ಪುರಸೊತ್ತಿಲ್ಲದೆ ಅಮ್ಮನ ಗಡಿಯಾರ ತೆರೆದಿಟ್ಟು ಕೆಲಸಕ್ಕೆ ಓಡುತ್ತಿದ್ದ.

ಪರದೇಶದ ಆ ಊರಿನ ಚಳಿಗಾಲದಲ್ಲೇ ಅಮ್ಮ ಮೊದಲ ಸಲ ತಡವಾಗಿ ಶಿಶುವಿಹಾರಕ್ಕೆ ಹೋದರು. ಮಕ್ಕಳೆಲ್ಲ ಹೋಗಿ, ಮೊಮ್ಮಗಳೊಬ್ಬಳೇ ಗೇಟಿನ ಹತ್ತಿರ ಕೋಟು ಹಾಕಿಕೊಂಡು ನಿಂತಿದ್ದಳು.

"ಗಡಿಯಾರ ನೋಡ್ಕೊಂಡೇ ಹೊರಟೆ ಕಣಮ್ಮ," ಎಂದರು ಸೊಸೆಗೆ. "ಹಸಿವು ಮೊದಲೇ ಆಗಿತ್ತು. ಆದ್ರೆ ಗಡಿಯಾರದಲ್ಲಿ ಇನ್ನೂ ಹೊತ್ತಿತ್ತು."

ಸಂಜೆ ಎಲ್ಲರೂ ನೋಡಿದಾಗ ಗಡಿಯಾರ ಸರಿಯಾಗಿಯೇ ಇತ್ತು. ಹೊರಗೆ ದಿನವಿಡೀ ಮೋಡ, ಬೆಳಗು ಮಧ್ಯಾಹ್ನ ಎರಡಕ್ಕೂ ಒಂದೇ ಬಣ್ಣ. ಪಾಪ, ಮಂಕು ಕವಿದಿರಬೇಕು ಎಂದುಕೊಂಡರು. ಮುಂದಿನ ವಾರ ಮತ್ತೆ ಹಾಗೇ ಆಯಿತು. ಆಮೇಲೆ ಇನ್ನೊಮ್ಮೆ ಆದಾಗ ಮಗು ಅತ್ತು ಅತ್ತು ವಾಂತಿ ಮಾಡಿಕೊಂಡಿತ್ತು.

ನರ್ಸ್ ಆಗಿದ್ದ ಇವನ ಅಕ್ಕ ಬಂದಳು. ಅಮ್ಮನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಬಾಗಿಲನ್ನು ಅರ್ಧ ಮಾತ್ರ ಮುಚ್ಚಿ, "ಇದು ಹೀಗೇ ಶುರುವಾಗೋದು," ಎಂದಳು. ಮನೆಯ ಬೀಗದ ಕೈಯನ್ನು ಸೊಸೆ ಅಮ್ಮನ ಚೀಲದಿಂದ ತೆಗೆದುಕೊಂಡಳು. ಮಗುವನ್ನು ಕರೆತರುವುದು ಎದುರುಮನೆಯವರ ಪಾಲಾಯಿತು. ಡಾಕ್ಟರು ಮರೆವಿಗೆಂದು ಮಾತ್ರೆ ಬರೆದುಕೊಟ್ಟರು. ಅಮ್ಮ, ಮೊಮ್ಮಗಳು ಮನೆಗೆ ಬರುವ ಹೊತ್ತಿಗೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂರತೊಡಗಿದರು.

ರಜೆಯ ದಿನ ಬೆಳಿಗ್ಗೆ, ಹೆಂಡತಿ ಮಗುವಿನೊಡನೆ ಹೊರಗೆ ಹೋಗಿದ್ದಾಗ, ಇವನು ಎಂದಿನಂತೆ ಲಿನಕ್ಸಿನಲ್ಲಿ ಆಡಿ ವಿಂಡೋಸಿಗೆ ಬಂದ. ದೊಡ್ಡ ಅಂಕಿಗಳು ಎಂಟೂವರೆ ಎಂದವು. ಕೈಗಡಿಯಾರ ಹತ್ತೂವರೆ ಎಂದಿತು. ಡಿಸ್ಕನ್ನೇನೋ ಪಾಲು ಮಾಡಿದ್ದ, ಯಂತ್ರದೊಳಗಿನ ಗಡಿಯಾರ ಮಾತ್ರ ಎರಡಕ್ಕೂ ಒಂದೇ ಉಳಿದಿತ್ತು. ಲಿನಕ್ಸ್ ಅದರಲ್ಲಿ ಜಗತ್ತಿಗೆಲ್ಲ ಒಂದಾದ ಸಮಯವನ್ನು ಇಟ್ಟುಹೋದರೆ, ವಿಂಡೋಸ್ ಅದನ್ನೇ ಈ ಊರಿನ ಸಮಯವೆಂದು ಓದುತ್ತಿತ್ತು. ಈ ದೇಶದಲ್ಲಿ ಅವೆರಡರ ನಡುವೆ ಎರಡು ಗಂಟೆ. ಸಂಜೆಯೊಳಗೆ ಇಂಟರ್ನೆಟ್ಟಿನಿಂದ ತಾನೇ ಸರಿಯಾಗುತ್ತಿದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಅಮ್ಮನಿಗೆ ಮರೆವಿರಲಿಲ್ಲ. ಅಮ್ಮನ ಹೊಟ್ಟೆ ಹೇಳಿದ ಸಮಯವೇ ಸರಿಯಾಗಿತ್ತು.

ಒಂದು ಸಾಲಿನ ಆಜ್ಞೆ ಕೊಟ್ಟರೆ ಸರಿಹೋಗುವ ಕೆಲಸ. ಕೊಟ್ಟ. ಆದರೆ ಬಾಯಿ ಬಿಡಲಿಲ್ಲ, ಪುಕ್ಕಲ. ಲ್ಯಾಪ್‌ಟಾಪ್ ಮುಟ್ಟಿದ್ದನ್ನು ಹೆಂಡತಿಗೆ ಹೇಳಬೇಕಲ್ಲ! ಗಡಿಯಾರ ಸರಿಯಾಯಿತು, ಅಮ್ಮನೂ ತಾನಾಗಿ ಸರಿಹೋಗುತ್ತಾರೆ, ಬೀಗದ ಕೈ ತಾನಾಗಿ ವಾಪಸು ಬರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅಮ್ಮ ಸರಿಹೋದರು, ಊಟ ಮತ್ತೆ ಹೊತ್ತಿಗೆ ಸರಿಯಾಗಿ ಆಗತೊಡಗಿತು. "ನೋಡಿದ್ಯಾ, ಮಾತ್ರೆ ಹಿಡೀತು," ಎಂದಳು ಅಕ್ಕ ಫೋನಿನಲ್ಲಿ. "ಯಾವ ಕಾರಣಕ್ಕೂ ನಿಲ್ಲಿಸಬೇಡಿ."

ಅಮ್ಮ ದಿನವೂ ಆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣ ಹತ್ತಿರ ತಂದು ನೋಡಿ, ನೀರಿನೊಡನೆ ನುಂಗುವಾಗ ಇವನು ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಒಂದು ದಿನ ಅಮ್ಮ, "ಒಲೆ ಆರಿಸಿದ್ದೀನಾ ನೋಡೋ, ನನ್ನ ನಾನೇ ನಂಬೋ ಹಾಗಿಲ್ಲ," ಎಂದರು. ಒಲೆ ಆರಿಯೇ ಇತ್ತು. ನಾಚಿಕೆಯಿಂದ ಅವನ ಕಣ್ಣಲ್ಲಿ ನೀರು ಬಂತು.

ಆ ಸಂಜೆ ಹೆಂಡತಿಯನ್ನೂ ಅಮ್ಮನನ್ನೂ ಮೇಜಿನ ಹತ್ತಿರ ಕೂರಿಸಿ ಎಲ್ಲವನ್ನೂ ಹೇಳಿದ. ಅಡಗಿಸಿದ್ದ ಮೆನು ತೋರಿಸಿದ. ಗಡಿಯಾರವನ್ನು ಮತ್ತೆ ಮೊದಲಿನಂತೆ ಕೆಡಿಸಿ, ಲಿನಕ್ಸಿಗೆ ಹೋಗಿ, ವಿಂಡೋಸಿಗೆ ಬಂದ. ದೊಡ್ಡ ಅಂಕಿಗಳು ಎರಡು ಗಂಟೆ ಹಿಂದಕ್ಕೆ ಹೋಗಿದ್ದವು.

ಹೆಂಡತಿ ಬೈಯುತ್ತಾಳೆಂದು ಕಾದ. ಅವಳು ಬೈಯಲಿಲ್ಲ. ಎದ್ದು ಹೋಗಿ ಬೀಗದ ಕೈ ತಂದು ಅಮ್ಮನ ಮುಂದಿಟ್ಟಳು. "ಅತ್ತೆ, ತಪ್ಪಾಯ್ತು. ನಿಮ್ಮ ಮಾತು ನಾವು ನಂಬಲಿಲ್ಲ."

ಅಮ್ಮ ಪರದೆಗೆ ಮುಖ ತಾಗುವಷ್ಟು ಬಗ್ಗಿ ಅಂಕಿಗಳನ್ನು ನೋಡಿದರು. ಆಮೇಲೆ ಮಗನ ಕೆನ್ನೆ ತಟ್ಟಿದರು.

"ಚಿಕ್ಕೋನಿದ್ದಾಗ್ಲೂ ಹೀಗೇ. ಅಕ್ಕ ಲೋಟ ಒಡೆದ್ರೆ ನಾನೇ ಒಡೆದಿದ್ದು ಅಂತಿದ್ದೆ," ಎಂದರು. "ಈಗ ನೀನೇ ಕೆಡಿಸಿ ತೋರಿಸಿದ್ದು ತಾನೆ? ನನ್ನ ಸಮಾಧಾನಕ್ಕೆ ಎಷ್ಟೆಲ್ಲ ಕಷ್ಟಪಡ್ತೀಯೋ."

"ಇಲ್ಲಮ್ಮ, ನಿಜವಾಗ್ಲೂ..."

"ಸಾಕು ಬಿಡು." ಅಮ್ಮ ಬೀಗದ ಕೈಯನ್ನು ಮೆಲ್ಲಗೆ ಸೊಸೆಯ ಕಡೆಗೆ ಸರಿಸಿದರು. "ಇದು ನಿನ್ನ ಹತ್ರಾನೇ ಇರ್ಲಿ ತಾಯಿ. ಮಗು ಇನ್ನೊಂದ್ಸಲ ಗೇಟಲ್ಲಿ ಒಂದೇ ನಿಲ್ಲಬಾರದು." ಆಮೇಲೆ ಮಾತ್ರೆಯ ಡಬ್ಬಿಗೆ ಕೈ ಚಾಚಿ, ಮಗನನ್ನು ಕೇಳಿದರು: "ಇದನ್ನ ತಗೊಳ್ಳೋ ಹೊತ್ತಾಯ್ತೇನೋ?"