ಕರೆಯದೇ ಬಂದ ಕಾರ್ಟಿಸಾಲ್

ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಯ ಕೋಶಗಳು ಹೇಳದೆ ಕೇಳದೆ ಕೆಲಸ ಮಾಡುವ ಪೈಕಿ ಅಲ್ಲ. ಮೆದುಳಿನ ಬುಡದಿಂದ ಒಂದು ಹಾರ್ಮೋನ್ ಬಂದು, ಕರೆಗಂಟೆ ಒತ್ತಿದ ಹಾಗೆ, ಕೋಶದ ಮೇಲಿನ ರಿಸೆಪ್ಟರಿಗೆ ತಗುಲಬೇಕು; ಆಮೇಲೆಯೇ ಒಳಗೆ ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ತಯಾರಾಗುವುದು. ನಮ್ಮ ಮೇಷ್ಟ್ರು ಮಾತ್ರ ಗಂಟೆ ಒತ್ತದಿದ್ದರೂ ಕಾರ್ಟಿಸಾಲ್ ಬರುತ್ತದೆಂದು ಕಂಡುಹಿಡಿದು ಬೀಗುತ್ತಿದ್ದರು. ಸೋಮವಾರದ ಸಭೆಯಲ್ಲಿ ಅದನ್ನು ಸಾರುವುದಿತ್ತು. ಚಪ್ಪಾಳೆ ಬಿದ್ದಾಗ ತೋರಿಸಬೇಕಾದ ವಿನಯವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುವುದೂ ನಡೆದಿತ್ತು.

ಅಡ್ಡಗಾಲು ಹಾಕಿದ್ದು ಅವರ ಶಿಷ್ಯೆ. ಅದೇ ಕೋಶ, ಅದೇ ತಟ್ಟೆ, ಅವಳು ಮಾಡಿದರೆ ಸೊನ್ನೆ.

"ಏನಮ್ಮಾ, ಗಮನ ಎಲ್ಲಿಟ್ಟು ಕೆಲಸ ಮಾಡ್ತೀಯ? ಹೀಗಾದ್ರೆ ನಿನ್ನ ಪಿಎಚ್‌ಡಿಗೆ ನಾನು ಸಹಿ ಹಾಕಲ್ಲ," ಎಂದು ಎಲ್ಲರೆದುರು ದಬಾಯಿಸಿದ್ದರು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಬೆರಳ ಸಂದಿಯ ಇಸುಬಿಗೆ ಮುಲಾಮು ಹಚ್ಚಲು ಹೊರಟರು.

"ಕನ್ನಡಕ ಹಾಕ್ಕೊಂಡು ಹಚ್ಕೊಳ್ಳಿ. ಹೋದ ಸಲ ಟೂತ್‌ಪೇಸ್ಟ್ ಬಳ್ಕೊಂಡಿದ್ರಿ," ಎಂದರು ಹೆಂಡತಿ.

ಹಾಕಿಕೊಂಡರು. ಟ್ಯೂಬಿನ ಮೇಲೆ ಹೈಡ್ರೋಕಾರ್ಟಿಸೋನ್ ಎಂದಿತ್ತು. ಅಂದರೆ ಕಾರ್ಟಿಸಾಲೇ, ಔಷಧದಂಗಡಿಯ ಹೆಸರಿನಲ್ಲಿ. ಗವಸು ಹಾಕಿದರೆ ಕೈ ಕಡಿಯುತ್ತದೆಂದು ಪ್ರಯೋಗಾಲಯದಲ್ಲಿ ಅವರು ಬರಿಗೈಯಲ್ಲೇ ಕೆಲಸ ಮಾಡುತ್ತಿದ್ದರು.

"ಎರಡು ವರ್ಷ ನನ್ನ ಮುಲಾಮನ್ನೇ ಅಳೆದಿದ್ದೀನಲ್ಲೇ!" ಎಂದು ಮೇಷ್ಟ್ರು ತಲೆ ತಲೆ ಚಚ್ಚಿಕೊಂಡು ನಕ್ಕರು. ಇಷ್ಟು ದೊಡ್ಡ ದಡ್ಡನಾಗಲು ಇಷ್ಟೆಲ್ಲ ಓದಬೇಕಿತ್ತೇ ಎಂದು ದಾರಿಯುದ್ದಕ್ಕೂ ತಮ್ಮನ್ನು ತಾವೇ ಆಡಿಕೊಳ್ಳುತ್ತ ಪ್ರಯೋಗಾಲಯಕ್ಕೆ ಓಡಿದರು. ಬೆರಳು ಒರೆಸಿದ ಹತ್ತಿಯನ್ನು ಅದ್ದಿದ ನೀರನ್ನು ಪರೀಕ್ಷೆಗಿಟ್ಟರು. ಮಧ್ಯಾಹ್ನದ ಹೊತ್ತಿಗೆ ಯಾವ ಕೋಶವೂ ಕಾಣದ ಎತ್ತರಕ್ಕೆ ಅಂಕಿ ಹಾರಿತ್ತು.

ಶಿಷ್ಯೆ ಅಲ್ಲೇ ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದಳು.

"ನಿನ್ನ ಸೊನ್ನೇನೇ ಸರಿ ಕಣಮ್ಮಾ. ಪೆದ್ದ ನಾನು. ನಾಳೆ ಸಭೇಲಿ ಎಲ್ಲರೂ ನನ್ನ ಬೆರಳು ನೋಡಿ ನಗಲಿ ಬಿಡು," ಎಂದು ಮುಲಾಮಿನ ಕಥೆ ಹೇಳಿದರು.

ಅವಳು ನಗಲಿಲ್ಲ. "ನಿನ್ನೆ ನನಗೂ ಬಂತು ಸರ್. ನಿಮ್ಮ ಅಂಕೀನೇ."

"ಹೌದಾ? ನೀನೇನು ಹಚ್ಕೊಂಡಿದ್ದೆ?"

"ಏನೂ ಇಲ್ಲ ಸರ್." ಅವಳು ತಲೆ ತಗ್ಗಿಸಿದಳು. "ಸಹಿ ಹಾಕಲ್ಲ ಅಂದ್ರಲ್ಲ. ಅದಕ್ಕೇ ಸುಳ್ಳು ಅಂಕಿ ಬರ್ದೆ."

ಮುಲಾಮಿಗೆ ನಗಬಹುದಿತ್ತು. ಇದಕ್ಕೆ ಮೇಷ್ಟ್ರಿಗೆ ನಾಚಿಕೆಯಾಯಿತು, ಮುಖ ಎಲ್ಲಿಡಬೇಕೋ ತಿಳಿಯದಷ್ಟು. ಕುರ್ಚಿ ಎಳೆದು ಅವಳ ಪಕ್ಕ ಕೂತರು.

"ಸೊನ್ನೇನೇ ವಾಪಸ್ ಬರಿ," ಎಂದರು. "ನಾಳೆ ಎರಡು ತಪ್ಪು ಹೇಳ್ತೀನಿ. ಎರಡೂ ನನ್ನವೇ."