ಕುದುರೆ ಡಬ್ಬ, ಬೋಳು ಡಬ್ಬ

೧೯೩೬ರ ಮಾತು. ರಾಯದುರ್ಗದಿಂದ ಮಡಕಶಿರಾಕ್ಕೆ ಹೋಗುವ ಮೋಟಾರಿನ ಡ್ರೈವರ್ ಹೊನ್ನೂರಪ್ಪನಿಗೆ ಪೆಟ್ರೋಲಿನಲ್ಲಿ ಎರಡೇ ಜಾತಿ. ಡಬ್ಬದ ಮೇಲೆ ಕುದುರೆಯ ಚಿತ್ರವಿದ್ದದ್ದು ಒಂದು. ಚಿತ್ರವೂ ಇಲ್ಲದ, ಹೆಸರೂ ಇಲ್ಲದ ಬೋಳು ಡಬ್ಬದ್ದು ಇನ್ನೊಂದು. ಕುದುರೆಯದು ದುಬಾರಿ. ಆದರೂ ಬೋಳು ಡಬ್ಬವನ್ನು ಅವನು ಮೋಟಾರಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

“ಕುದುರಿ ಹಾಕಿದ್ರ ಎಂಜಿನ್ನು ಕುದುರ್ತತಿ,” ಎಂದು ಹತ್ತಿದವರಿಗೆಲ್ಲ ಹೇಳುತ್ತಿದ್ದ. ಆ ಮಾತನ್ನು ಅವನಿಗೆ ಕಲಿಸಿದವನು ನಾನೇ.

ಒಂದು ಸೋಮವಾರ ಬೆಳಿಗ್ಗೆ ರಾಯದುರ್ಗದ ಪೆದ್ದಣ್ಣನ ಅಂಗಡಿಯಲ್ಲಿ ಕುದುರೆ ಡಬ್ಬ ಮುಗಿದುಹೋಗಿತ್ತು.

“ಬುಧವಾರದ ರೈಲಿಗೆ ಬರ್ತಾವ. ಅಲ್ಲೀತನಕ ಬೋಳಂದು ಹಾಕ್ಕೊಂಡು ಹೋಗಪಾ,” ಎಂದ ಪೆದ್ದಣ್ಣ.

“ಹಂಗಾದ್ರ ಬುಧವಾರನ ಹೋಗ್ತೀನಿ ಬಿಡ್ರಿ,” ಎಂದು ಹೊನ್ನೂರಪ್ಪ ಅಂಗಡಿಯ ಕಟ್ಟೆಯ ಮೇಲೆ ಟವೆಲ್ ಹಾಸಿ ಕೂತುಬಿಟ್ಟ.

ಹತ್ತಿದ್ದವರು ಗೊಣಗುತ್ತ ಇಳಿದರು, ನಾನೂ ಇಳಿದೆ. ಸಣ್ಣಕ್ಕ ಇಳಿಯಲಿಲ್ಲ. ಮಡಕಶಿರಾದ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಅವಳಿಗೆ ಆರ್ಡರು ಬಂದಿತ್ತು. ಆ ದಿನ ಸಂಜೆ ಐದರೊಳಗೆ ಹೋಗಿ ಸೇರದಿದ್ದರೆ ಆ ಜಾಗ ಪಟ್ಟಿಯಲ್ಲಿ ಅವಳ ನಂತರದವರಿಗೆ ಹೋಗುತ್ತಿತ್ತು. ಆರ್ಡರಿನ ಕಾಗದವನ್ನು ಅವಳು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಬೆವರಿಗೆ ಅದರ ಶಾಯಿ ಬೆರಳಿಗೆ ಹತ್ತಿತ್ತು.

“ಯಾಕಣ್ಣಾ, ಬೋಳು ಡಬ್ಬದಾಗ ನೀರೈತೇನು?” ಎಂದು ಕೇಳಿದಳು.

“ನೀರಲ್ಲ ಯವ್ವಾ, ಎಂಜಿನ್ನು ನಾಕ್ ಹೊಡೀತತಿ. ಹೋದ ತಿಂಗಳು ಹಾಕಿ ನೋಡಿದ್ನಿ. ದಾರಿ ತುಂಬ ಟಕ ಟಕ ಟಕ! ಬಾನೆಟ್ ತಗದ್ರ ಸುಮ್ಮನಾಗ್ತತಿ, ಮುಚ್ಚಿ ಹೊಂಟ್ರ ಮತ್ತ ಶುರು. ದೆವ್ವ ಹೊಕ್ಕಂಗ! ಬೇಕಾದ್ರ ಈ ಬಿ.ಎ. ಸ್ವಾಮೇರನ್ನ ಕೇಳು. ನನ್ನ ಹಿಂದಿನ ಸೀಟಿನಾಗ ಅವರ ಇದ್ರು.”

“ನಾಕಾದ್ರೂ ಹೊಡೀಲಿ ಅಣ್ಣಾ, ನಂಗ ಐದು ಹೊಡಿಯೋದರೊಳಗ ಮುಟ್ಟಿಸು, ಸಾಕು,” ಎಂದಳು ಸಣ್ಣಕ್ಕ. ನಗಲು ನೋಡಿದಳು, ನಗು ಅರ್ಧಕ್ಕೇ ನಿಂತಿತು.

ಹಿಂದಿನ ಸೀಟಿನಲ್ಲಿ ನಾನಿದ್ದದ್ದು ನಿಜ. ದೆವ್ವವೂ ನಾನೇ. ಅನಂತಪುರದ ಕಾಲೇಜಿನಲ್ಲಿ ಪ್ರೊಫೆಸರರ ಕೆಮ್ಮು, ರೈಲಿನ ಶಿಳ್ಳೆ ಎಲ್ಲವನ್ನೂ ಪಳಗಿಸಿಕೊಂಡಿದ್ದ ನಾಲಿಗೆ ಆ ದಿನ ಅಂಗುಳಿಗೆ ಹೊಡೆದು ಟಕಟಕ ಎಂದಿತ್ತು. ಅವನು ಬಾನೆಟ್ಟಿನೊಳಗೆ ತಲೆ ತೂರಿಸಿದಷ್ಟೂ ನನಗೆ ಮಜ. ತಪ್ಪೆಲ್ಲ ಬೋಳು ಡಬ್ಬದ ತಲೆಗೆ ಬಂದ ಮೇಲೆ ಹೇಳುವ ಧೈರ್ಯವಾಗಲಿಲ್ಲ.

“ಹೊನ್ನೂರಪ್ಪಾ…” ಎಂದೆ. ಮಾತಿನ ಬದಲು, “ಟಕ ಟಕ ಟಕ” ಎಂದೆ.

ಅವನು ಎದ್ದು ಓಡಿ ಬಾನೆಟ್ ತೆಗೆದ. ಎಂಜಿನ್ನು ಶುರುವೇ ಆಗಿಲ್ಲವೆಂಬುದು ಆಗ ನೆನಪಾಯಿತು. ಮೆಲ್ಲಗೆ ನನ್ನ ಕಡೆ ತಿರುಗಿದ.

“ನಿಮ್ಮ ಬಾಯಾಗ ಮಣ್ಣು ಹಾಕ್ರಿ! ನಾಲಿಗಿನೋ ಸುತ್ತಿಗಿನೋ ಅದು?”

ಮಣ್ಣಿನ ಬದಲು ಹುರಿದ ಶೇಂಗಾ ತರಿಸಿದ. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, “ಮಡಕಶಿರಾ ಬರೋತನಕ ಬಾಯಿ ಖಾಲಿ ಇರಬಾರದು,” ಎಂದು ಕಟ್ಟಪ್ಪಣೆ ಮಾಡಿದ. ಬೋಳು ಡಬ್ಬ ಸುರಿದು ಹ್ಯಾಂಡಲ್ ಹೊಡೆದ. ಇಳಿದವರೆಲ್ಲ ಓಡಿ ಬಂದು ಹತ್ತಿದರು.

ಕಲ್ಯಾಣದುರ್ಗ ದಾಟುವವರೆಗೆ ಮೋಟಾರು ಹೂವಿನಂತೆ ಹೋಯಿತು. ಆಮೇಲೆ ಉದ್ದನೆಯ ಏರು ಬಂತು. ಅರ್ಧ ಏರಿರಬೇಕು,

ಟಕ. ಟಕ ಟಕ.

ಈ ಸಲ ನಾನಲ್ಲ. ಹಿಂದೆ ಕಾಗದ ಮುದುಡಿದ ಸದ್ದು ಕೇಳಿಸಿತು. ಹೊನ್ನೂರಪ್ಪನ ಕಾಲು ಬ್ರೇಕಿನ ಕಡೆ ಸರಿಯಿತು.

“ನಾನ… ನಂದ ಅದು! ತಡಕೊಳ್ಳಾಕ ಆಗಲಿಲ್ಲ,” ಎಂದೆ. ಹೇಳುವಷ್ಟರಲ್ಲಿ ಬಾಯಿಂದ ಹತ್ತಾರು ಶೇಂಗಾ ಸಿಡಿದು ಅವನ ಖಾಕಿ ಅಂಗಿಗೆ ಅಂಟಿದವು.

ಅವನು ಅಂಗಿ ನೋಡಿದ. ನನ್ನ ಉಬ್ಬಿದ ಕೆನ್ನೆ ನೋಡಿದ. ತಿರುಗಿ ಸಣ್ಣಕ್ಕನ ಕೈಯ ಕಾಗದವನ್ನೂ ನೋಡಿದ.

“ಬಾಯಿ ತುಂಬ ಶೇಂಗಾ ಇಟ್ಟುಕೊಂಡು ಟಕಟಕ ಅನ್ನೋದು ಯಾವ ಬಿ.ಎ.ದಾಗ ಕಲಿಸ್ತಾರ್ರಿ?”

ಬ್ರೇಕು ಹಾಕಲಿಲ್ಲ. ಗೇರು ಇಳಿಸಿದ, ಸ್ಟಿಯರಿಂಗಿನ ಕೆಳಗಿದ್ದ, ಎಂಜಿನ್ನಿನ ಕಿಡಿಯನ್ನು ತಡಮಾಡುವ ಸಣ್ಣ ಕಡ್ಡಿಯೊಂದನ್ನು ಬೆರಳಿನಷ್ಟು ಹಿಂದಕ್ಕೆ ಎಳೆದ. ಟಕಟಕ ಸಣ್ಣಗಾಗುತ್ತ ನಿಂತೇಹೋಯಿತು. ಮೋಟಾರು ಎಮ್ಮೆಯ ನಡಿಗೆಯಲ್ಲಿ ಏರು ಹತ್ತಿತು.

“ಇದು ಕುದುರಿ ಅಲ್ಲ ಯವ್ವಾ. ಇದಕ್ಕ ಏರಿನಾಗ ಅವಸರ ಮಾಡಬಾರದು, ಅಷ್ಟ,” ಎಂದ, ಸಣ್ಣಕ್ಕನಿಗೆ ಕೇಳುವಂತೆ. “ನಾನೂ ಒಂದ ದಿನ ಹಾಕಿ ನೋಡಿ ಇದನ್ನ ಬೈದು ಬಿಟ್ಟಿದ್ನಿ.”

ಮಡಕಶಿರಾದ ಶಾಲೆಯ ಮುಂದೆ ನಿಂತಾಗ ಜವಾನ ಚಿಕ್ಕತಿಮ್ಮಯ್ಯ ಗೇಟಿಗೆ ಬಂದ. “ಬಾರಮ್ಮಾ, ಬಾ. ಯಾಕಂಗೆ ಓಡ್ತೀಯ? ಇನ್ನೂ ಟೇಮ್ ಐತೆ.”

ಸಣ್ಣಕ್ಕ ಶಾಯಿ ಹತ್ತಿದ ಬೆರಳಿನಿಂದಲೇ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಅವಳು ಹೊಸ್ತಿಲು ದಾಟುತ್ತಿದ್ದಂತೆ ಒಳಗಿನ ಗಡಿಯಾರ ಹೊಡೆಯತೊಡಗಿತು. ಢಣ್. ಢಣ್. ಢಣ್. ಢಣ್.

ಹೊನ್ನೂರಪ್ಪ ಸಂಶಯದಿಂದ ನನ್ನ ಕಡೆ ತಿರುಗಿದ.

ನಾನು ಬಾಯಿ ತೆರೆದು ಶೇಂಗಾ ತೋರಿಸಿದೆ.

“ಹಂಗಾದ್ರ ಇದು ಖರೇ ನಾಕು,” ಎಂದು ಅವನು ನಕ್ಕ.